ಕಪ್ಪು ಐದರ ಕೆಳಗೆ

ಕುಮಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿದ್ದಾಗ ನನ್ನನ್ನು "ಸಾರ್" ಎಂದು ಕರೆಯದವರೇ ಕಡಮೆ. "ಸಾರ್, ಬೊಂಬಾಯಿಗೆ ಒಂದು ಟ್ರಂಕ್ ಕಾಲ್ ಬುಕ್ ಮಾಡಿ." "ಸಾರ್, ಹೊನ್ನಾವರದ ಲೈನು ಎಂತ ಸತ್ತೇ ಹೋಯ್ತಾ?" ಭಟ್ಕಳದ ಕಡೆಯವರು "ಭಾಯ್‌ಸಾಬ್" ಎನ್ನುತ್ತಿದ್ದರು. ಮೊದಮೊದಲು "ಸಾರ್ ಅಲ್ಲ, ಮೇಡಮ್" ಎಂದು ತಿದ್ದುತ್ತಿದ್ದೆ. ತಿದ್ದಿದ ಮೇಲೆ ಆ ಕಡೆಯವರು ತಡವರಿಸುವುದನ್ನು ಕೇಳಿ ಕೇಳಿ ಸಾಕಾಗಿ, ಸಾರ್ ಅಂದರೆ ಸಾರ್, ನನ್ನದೇನು ಹೋಗುತ್ತದೆ ಎಂದು ಬಿಟ್ಟುಬಿಟ್ಟೆ.

ಬಿಟ್ಟೆ ಎಂದು ಹೇಳಿದೆನೇ ಹೊರತು ಮನಸ್ಸಿಗೆ ನಾಟದೆ ಇರಲಿಲ್ಲ. ನನಗಿದ್ದ ಆಸೆ ಒಂದೇ. ಒಂದು ದೇವರನಾಮವನ್ನು ಮೊದಲಿಂದ ಕಡೆಯ ತನಕ, ನಾಲ್ಕು ಜನರ ಎದುರಿಗೆ, ದನಿ ಒಡೆಯದ ಹಾಗೆ ಹಾಡಿ ಮುಗಿಸಬೇಕು. ಮದುವೆ, ಬಡ್ತಿ, ಬಂಗಾರದ ಬಳೆ ಎಲ್ಲ ಆಮೇಲಿನ ಮಾತು. ಇಪ್ಪತ್ತೆಂಟು ವರ್ಷದ ಹೆಂಗಸಿಗೆ ಇದೆಂತಹ ಹುಚ್ಚು ಎಂದು ನಗುವವರು ನಗಲಿ.

ಆ ಆಸೆಗೆ ಕಲ್ಲು ಹಾಕಿದವರು ಕೃಷ್ಣಾನಂದ ಮಾಸ್ತರು. ಹೊನ್ನಾವರದವರು. ಪ್ರತಿ ಗುರುವಾರ ಬಸ್ಸು ಹತ್ತಿ ಬಂದು, ದೇವಸ್ಥಾನದ ಹಿಂದಿನ ಚಾವಡಿಯಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ನಮ್ಮೂರಿನ ಹುಡುಗಿಯರಿಗೆಲ್ಲ ಹಾಡು ಕಲಿಸುತ್ತಿದ್ದರು. ಹಾರ್ಮೋನಿಯಮ್ಮಿನಲ್ಲಿ ಸಾ ಎನ್ನುವ ಸ್ವರವನ್ನು ಯಾವ ಮನೆಯಿಂದ ಹಿಡಿಯುತ್ತೇವೋ ಅದೇ ಹಾಡಿನ ಪಟ್ಟಿ. ಬೆರಳಿಡುವ ಆ ಮನೆಗಳಿಗೆ ಬಿಳಿ ಒಂದು, ಕಪ್ಪು ಎರಡು ಎಂದು ಹೆಸರು. ಮಾಸ್ತರು ಸಾ ಹಿಡಿಯುತ್ತಿದ್ದದ್ದು ಎತ್ತರದ ಕಪ್ಪು ಐದರಲ್ಲಿ. ದೊಡ್ಡ ಹುಡುಗಿ, ಸಣ್ಣ ಹುಡುಗಿ, ನೆಗಡಿಯಾದವಳು, ಎಲ್ಲರಿಗೂ ಕಪ್ಪು ಐದು. ಚಡ್ಡಿ ಅಂಗಡಿಯವನೂ ಮೂರು ಅಳತೆ ಇಟ್ಟಿರುತ್ತಾನೆ.

ನಾನು ಹುಡುಗಿಯಾಗಿದ್ದಾಗ ಅಮ್ಮನೇ, ನಮ್ಮಲ್ಲಿ ಆಯಿ ಎನ್ನುತ್ತೇವೆ, ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಕೆಲವು ತಿಂಗಳು ಕಲಿತೆ. ಕೆಳಗಿನ ಸಾಲು ಹೇಗೋ ನಡೆಯುತ್ತಿತ್ತು. ಹಾಡು ಮೇಲಕ್ಕೆ ಏರಿದ ಕೂಡಲೇ ನನ್ನ ದನಿ ಒಡೆದು, ಒದ್ದೆ ಪಟಾಕಿಯ ಹಾಗೆ ಸುಂಯ್ ಎನ್ನುತ್ತಿತ್ತು. ಒಂದು ದಿನ ಮಾಸ್ತರು ಎಲ್ಲರ ಎದುರಿಗೇ, "ಇವಳಿಗೆ ದನಿ ಇಲ್ಲೆ" ಎಂದರು. ಅದೂ ಬೈದು ಹೇಳಿದ್ದಲ್ಲ, ಅಂಗಡಿಯಲ್ಲಿ ಬೆಲ್ಲ ಇಲ್ಲ ಎಂದು ಹೇಳುವ ಹಾಗೆ. ನಾನು ಅಳುತ್ತ ಮನೆಗೆ ಬಂದರೆ ಆಯಿ ಸಮಾಧಾನ ಮಾಡಲಿಲ್ಲ. ಟ್ರಂಕಿನ ತಳದಿಂದ ಒಂದು ಜೊತೆ ಹಿತ್ತಾಳೆ ತಾಳ ತೆಗೆದು ನನ್ನ ಕೈಗೆ ಕೊಟ್ಟು, "ತಾಳ ಹಾಕು. ಅಷ್ಟೇ ಸಾಕು" ಎಂದಳು.

ನನಗೆ ಮಾಸ್ತರ ಮೇಲಿನ ಸಿಟ್ಟಿಗಿಂತ ಆಯಿಯ ಮೇಲಿನ ಸಿಟ್ಟೇ ಹೆಚ್ಚು. ಹೆತ್ತ ತಾಯಿ ಒಂದು ಮಾತು ಎದುರಾಡಬೇಡವೇ? ಆದರೆ ಅವಳಿಗೆ ಹಾಡಿನ ಗಂಧವೇ ಇರಲಿಲ್ಲ ಎಂದು ನಾನು ನಂಬಿದ್ದೆ. ಹಬ್ಬದ ದಿನ ಆರತಿ ಎತ್ತುವಾಗ ನೆರೆಮನೆಯ ಹೆಂಗಸರೆಲ್ಲ ಹಾಡಿದರೆ ಆಯಿ ಗಂಟೆ ಬಾರಿಸುತ್ತ ನಿಲ್ಲುತ್ತಿದ್ದಳು. ನನಗೂ ತಮ್ಮನಿಗೂ ಜೋಗುಳ ಹಾಡಿದವಳಲ್ಲ. ತೊಟ್ಟಿಲು ತೂಗಿ, ಬೆನ್ನು ತಟ್ಟಿ ಮಲಗಿಸಿದವಳು.

ಹೀಗೆ ನಾನು ಭಜನಾ ಮಂಡಳಿಯಲ್ಲಿ ತಾಳದವಳಾದೆ. ಮಂಡಳಿಯ ಮುಖ್ಯಸ್ಥೆ ಮಹಾಲಕ್ಷ್ಮೀ ಅಕ್ಕ ಎತ್ತರದ ದನಿಯಲ್ಲಿ ಹಾಡುವುದು, ಮಾಸ್ತರು ಕಪ್ಪು ಐದರಲ್ಲಿ ಬಾರಿಸುವುದು, ನಾನು ಬಾಯಿ ಮುಚ್ಚಿಕೊಂಡು ಟಿಣ್ ಟಿಣ್ ಎನ್ನಿಸುವುದು. ಎಲ್ಲ ಹಾಡುಗಳೂ ನನಗೆ ಬಾಯಿಪಾಠ. ಬಾಯಿ ತೆರೆಯುವುದೊಂದೇ ಬಾಕಿ.

ಎಂಬತ್ತೇಳರ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ತಮ್ಮ ಹರಿಹರ ಒಂದು ಕೀಬೋರ್ಡು ತಂದ. ಅವನಿಗೆ ಭಟ್ಕಳದಲ್ಲಿ ಬ್ಯಾಂಕಿನ ಕೆಲಸ. ಅಲ್ಲಿ ದುಬೈಯಿಂದ ಬಂದ ಸಾಮಾನು ಮಾರುವ ಅಂಗಡಿ ನೋಡಿದರೆ ಇವನಿಗೆ ಕೈ ತುರಿಸುತ್ತದೆ. ಮೊದಲು ಟಾರ್ಚು, ಆಮೇಲೆ ಟೇಪ್ ರೆಕಾರ್ಡರು, ಈಗ ಇದು. ಒಂದು ಮೊಳಕ್ಕಿಂತ ಉದ್ದದ ಕರಿ ಪ್ಲಾಸ್ಟಿಕ್ಕಿನ ವಾದ್ಯ, ಎರಡೂ ಬದಿಗೆ ಸ್ಪೀಕರು, ಮೈಮೇಲೆಲ್ಲ ಗುಂಡಿ. ಒಂದು ಒತ್ತಿದರೆ ಪಿಟೀಲು, ಇನ್ನೊಂದು ಒತ್ತಿದರೆ ಕೊಳಲು. ಎಡಗೈಯ ಒಂದೇ ಬೆರಳು ಇಟ್ಟರೆ ಸಾಕು, ಡ್ರಮ್ಮು, ಗಿಟಾರು ಎಲ್ಲ ತಾವಾಗಿಯೇ ಶುರುವಾಗಿ, ಕ್ರಿಶ್ಚಿಯನ್ ಮದುವೆಯ ಬ್ಯಾಂಡಿನವರು ನಮ್ಮ ಜಗಲಿಗೆ ನುಗ್ಗಿದ ಹಾಗೆ ಆಗುತ್ತಿತ್ತು. ಅಪ್ಪಯ್ಯ ಬಾಡ ಎನ್ನುವ ಊರಿನ ಶಾಲೆಯ ಮಾಸ್ತರಿಕೆ ಮುಗಿಸಿ ಬಂದು ಪೇಪರು ಹಿಡಿದು ಕೂತವ, ಪೇಪರು ಸಮೇತ ಹಿತ್ತಲಿಗೆ ಹೋದ.

ಹರಿಗೆ ಬರುತ್ತಿದ್ದದ್ದು ಬಿಳಿ ಒಂದರಿಂದ ಹಿಡಿದು ಬಿಳಿ ಮನೆಗಳ ಮೇಲೆ ಬಾರಿಸುವುದು ಮಾತ್ರ. ಕಪ್ಪು ಮನೆ ಕಂಡರೆ ಅವನ ಬೆರಳು ಹೆದರುತ್ತಿತ್ತು. ಹಾಗಾಗಿ ಮಂಡಳಿಯ ಹಾಡುಗಳಲ್ಲಿ ಬಿಳಿ ಮನೆಯಲ್ಲೇ ಮುಗಿಯುವಂಥದ್ದೊಂದನ್ನು ಆರಿಸಿಕೊಂಡು, ಭಾನುವಾರ ಮಧ್ಯಾಹ್ನ ಅದನ್ನೇ ತಿರುಗಿ ತಿರುಗಿ ಬಾರಿಸುತ್ತಿದ್ದ. ನಾನು ಅಲ್ಲೇ ಕೂತು ಅಲಸಂದೆ ಹೆಚ್ಚುತ್ತಿದ್ದೆ.

ಒಳಗಿಂದ ಆಯಿ ಕೂಗಿದಳು. "ಹರೀ, ಆ ಸಪ್ಪಳ ಒಂಚೂರು ಕಡಮೆ ಮಾಡೋ. ತಲೆ ಸಿಡೀತು."

ಹರಿ ಬಾರಿಸುತ್ತಲೇ ಎಡಗೈಯಿಂದ, ಅಡ್ಡಗೆರೆ ಬರೆದಿದ್ದ ಒಂದು ಗುಂಡಿ ಒತ್ತಿದ. ಸಪ್ಪಳ ಕಡಮೆಯಾಗಲಿಲ್ಲ. ಮತ್ತೆ ಒತ್ತಿದ, ಇನ್ನೂ ನಾಲ್ಕು ಸಲ ಒತ್ತಿದ. ಸಪ್ಪಳ ಅಷ್ಟೇ ಇತ್ತು, ಆದರೆ ಹಾಡೇ ಒಂದೊಂದು ಮೆಟ್ಟಿಲು ಕೆಳಕ್ಕೆ ಇಳಿಯಿತು. ಇವನ ಬೆರಳು ಅದೇ ಬಿಳಿ ಮನೆಗಳ ಮೇಲಿದೆ, ಹೊರಗೆ ಬರುವ ಸ್ವರ ಮಾತ್ರ ಬೇರೆ.

"ಇದೆಂತ ಆತು?" ಎಂದ ಹರಿ. ಎಂದರೂ ನಿಲ್ಲಿಸಲಿಲ್ಲ.

ನಾನು ಆ ಹಾಡನ್ನು ಯಾವಾಗಲೂ ಮುಚ್ಚಿದ ಬಾಯಿಯೊಳಗೆ ಗುನುಗುತ್ತಿರುತ್ತೇನೆ. ಅಭ್ಯಾಸ. ಅವತ್ತೂ ಗುನುಗುತ್ತಿದ್ದೆ. ಹಾಡು ಮೇಲೇರುವ ಸಾಲು ಬಂತು. ಎಂದಿನಂತೆ ಅಲ್ಲಿ ನಿಲ್ಲಿಸಬೇಕಿತ್ತು, ನಿಲ್ಲಿಸುವುದನ್ನು ಮರೆತೆ. ಬಾಯಿ ತೆರೆಯಿತು. ದನಿ ಮೇಲಿನ ಸಾ ತನಕ ಹೋಗಿ, ನೆಟ್ಟಗೆ ನಿಂತಿತು. ಒಡೆಯಲಿಲ್ಲ. ಇನ್ನೂ ಎರಡು ಸ್ವರ ಮೇಲಕ್ಕೆ ಹೋಗಿ, ಅಲ್ಲೂ ನಿಂತು, ನಿಧಾನಕ್ಕೆ ಇಳಿದು ಬಂತು.

ಹರಿ ಬಾರಿಸುವುದನ್ನು ಬಿಟ್ಟು ನನ್ನನ್ನೇ ನೋಡಿದ. ನನ್ನ ಕೈಯಲ್ಲಿದ್ದ ಚೂರಿ ಅಲಸಂದೆಯ ಮೇಲೆಯೇ ನಿಂತಿತ್ತು. "ಅಕ್ಕಾ, ಈಗ ಹಾಡಿದ್ದು ನೀನಾ?" ಎಂದ.

"ಪುನಃ ಬಾರಿಸು" ಎಂದೆ. ಪುನಃ ಹಾಡಿದೆ. ಪುನಃ ಬಂತು. ಆಮೇಲೆ ಗುಂಡಿ ಒತ್ತಿ ಮಾಸ್ತರ ಕಪ್ಪು ಐದಕ್ಕೆ ಏರಿಸು ಎಂದೆ. ಹಾಡಿದೆ. ಅದೇ ಸಾಲಿನಲ್ಲಿ, ಅದೇ ಅಕ್ಷರದ ಮೇಲೆ, ಅದೇ ಹಳೇ ಸುಂಯ್. ಇಳಿಸು ಎಂದೆ. ಬಂತು. ಏರಿಸು ಎಂದೆ. ಹೋಯಿತು. ನನಗೆ ಕುಣಿಯುವಷ್ಟು ಖುಷಿಯಾಗಬೇಕಿತ್ತು. ಆಗಲಿಲ್ಲ. ದನಿ ಇಲ್ಲದವಳು ಎಂದು ನಾನು ಕಳೆದ ಅಷ್ಟೂ ವರ್ಷ ದನಿ ನನ್ನ ಗಂಟಲಲ್ಲೇ ಇತ್ತು, ಬಿಳಿ ಕಪ್ಪು ಸೇರಿ ನಾಲ್ಕು ಮನೆ ಕೆಳಗೆ, ಕಪ್ಪು ಮೂರರಲ್ಲಿ. ಯಾರೂ ಅಲ್ಲಿ ಹುಡುಕಿಯೇ ಇರಲಿಲ್ಲ.

ಆಯಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ. ಕೀಬೋರ್ಡನ್ನೇ ನೋಡುತ್ತ, "ಎಂತ ಮಾಡಿದ್ಯೋ ಅದಕ್ಕೆ?" ಎಂದು ಹರಿಯನ್ನು ಕೇಳಿದಳು.

"ಈ ಗುಂಡಿ ಒತ್ತಿದ್ರೆ ಪಟ್ಟಿ ಇಳೀತು ಆಯಿ."

"ಎಷ್ಟು ಇಳೀತು?"

"ಬೇಕಾದಷ್ಟು."

ಆಯಿ ಒಳಗೆ ಹೋದಳು. ಮಗಳು ಜನ್ಮದಲ್ಲಿ ಮೊದಲ ಸಲ ಹಾಡಿದ್ದಾಳೆ, ಇವಳಿಗೆ ಯಂತ್ರದ ಚಿಂತೆ! ನನಗೆ ಮೈಯೆಲ್ಲ ಉರಿಯಿತು. ಅವತ್ತು ಹುಳಿ ತಳ ಹಿಡಿದು ಸೀದುಹೋಗಿತ್ತು. ಆಯಿಯ ಅಡಿಗೆ ಸೀದದ್ದು ನಾನು ಕಂಡಿರಲಿಲ್ಲ. ಆದರೂ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ಮರುದಿನವೇ ರಜೆ ಹಾಕಿ ಹೊನ್ನಾವರದ ಬಸ್ಸು ಹತ್ತಿದೆ. ಹೊನ್ನಾವರದಲ್ಲಿ ಇಳಿಯುವ ತನಕ ಮಾಸ್ತರಿಗೆ ಹೇಳಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡೆ. ಒಂದಕ್ಕಿಂತ ಒಂದು ಖಾರ. ಮಾಸ್ತರು ಜಗಲಿಯಲ್ಲಿ ಹಾರ್ಮೋನಿಯಂ ಒರೆಸುತ್ತ ಕೂತಿದ್ದರು. ಎಪ್ಪತ್ತು ದಾಟಿದ ಮನುಷ್ಯ. ನನ್ನನ್ನು ಕಂಡು ಬೆಲ್ಲ, ನೀರು ತರಿಸಿದರು. ನಾನು ಮುಟ್ಟಲಿಲ್ಲ.

"ಮಾಸ್ತರೇ, ಮಂಡಳಿಯ ಹಾಡೊಂದನ್ನು ಕಪ್ಪು ಮೂರರಿಂದ ಬಾರಿಸಿ."

"ಯಾರಿಗೆ?"

"ನನಗೆ."

ಮಾಸ್ತರು ನಕ್ಕರು. "ಹೆಣ್ಣುಮಕ್ಕಳಿಗೆ ಕಪ್ಪು ಐದೇ, ಸುಮತಿ."

"ಒಂದೇ ಸಲ ಬಾರಿಸಿ."

ಅವರು ಕಪ್ಪು ಮೂರರ ಮೇಲೆ ಬೆರಳಿಟ್ಟು ತಿದಿ ಒತ್ತಿದರು. ಮೊದಲಿನೆರಡು ಸ್ವರ ಸರಿ ಬಂದವು. ಮೂರನೆಯದು ತಪ್ಪಿತು. ಪುನಃ ಮೊದಲಿಂದ ಹಿಡಿದರು. ಪುನಃ ತಪ್ಪಿತು. ಕಣ್ಣು ಮುಚ್ಚಿಕೊಂಡು ಬಾರಿಸುತ್ತಿದ್ದ ಮಾಸ್ತರು ಈಗ ಕಣ್ಣು ಬಿಟ್ಟು, ಬಗ್ಗಿ, ಮನೆಗಳನ್ನು ಹುಡುಕುತ್ತಿದ್ದರು. ಬೆರಳು ಒಂದಕ್ಕೊಂದು ತಾಗುತ್ತಿತ್ತು.

"ನಂಗೆ ಬೇರೆ ಪಟ್ಟಿ ಬತ್ತಿಲ್ಲೆ ಕೂಸೆ" ಎಂದರು ಕೊನೆಗೆ. "ನಮ್ಮ ಗುರುಗಳು ಇದೊಂದೇ ಹೇಳಿಕೊಟ್ಟದ್ದು. ಹೆಣ್ಣುಮಕ್ಕಳಿಗೆ ಕಲಿಸಲೆ ಇಷ್ಟು ಸಾಕು ಹೇಳಿದ್ದ. ನಾನೂ ಸಾಕು ಹೇಳಿ ಇದ್ದಿದ್ದೆ."

ದೊಡ್ಡ ವಿದ್ವಾಂಸರು ಅಳೆದು ನೋಡಿ ನನಗೆ ದನಿ ಇಲ್ಲ ಎಂದಿದ್ದಾರೆ ಎಂದು ನಂಬಿದ್ದೆನಲ್ಲ! ಅವರು ಅಳೆದೇ ಇರಲಿಲ್ಲ. ಬೈಯಬೇಕೆಂದರೆ ಎದುರಿಗಿದ್ದದ್ದು ನಡುಗುವ ಹತ್ತು ಬೆರಳು.

ಕಡೆಗೆ ನಾನು ಹಾರ್ಮೋನಿಯಂ ಇಲ್ಲದೆ, ನನ್ನ ಪಟ್ಟಿಯಲ್ಲಿ, ಎರಡು ಸಾಲು ಹಾಡಿ ತೋರಿಸಿದೆ. ಮಾಸ್ತರು ಹಾರ್ಮೋನಿಯಮ್ಮಿನ ತಿದಿ ಮುಚ್ಚಿದರು. "ಆಗಲೂ ಹೀಂಗೇ ಇತ್ತು... ನಿಮ್ಮ ಮನೆ ದನಿಯೇ ಹಾಂಗೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅಪ್ಪಯ್ಯನ ಗಡಸು ದನಿಯ ಮಾತು ಇರಬೇಕು ಎಂದುಕೊಂಡೆ. ಹೊರಡುವಾಗ ಅವರು, "ಈ ಸಲ ಶಾರದೋತ್ಸವಕ್ಕೆ ನಾನು ಬಾರಿಸ್ತಿಲ್ಲೆ. ಕೇಳಲೆ ಬತ್ತೆ" ಎಂದರು.

ಹಾರ್ಮೋನಿಯಂ ಇಲ್ಲ ಎಂದ ಕೂಡಲೇ ಮಂಡಳಿಯಲ್ಲಿ ಹಾಹಾಕಾರ. ಮಹಾಲಕ್ಷ್ಮೀ ಅಕ್ಕ ಹರಿಯನ್ನು ಹುಡುಕಿಕೊಂಡು ಬಂದಳು. ಹರಿ ಬಾರಿಸುತ್ತೇನೆ ಎಂದ, ಆದರೆ ತನ್ನ ಅಕ್ಕನಿಗೂ ಒಂದು ಹಾಡು ಕೊಡಬೇಕು ಎಂದ. "ಸುಮತಿಯಾ?" ಎಂದಳು ಮಹಾಲಕ್ಷ್ಮೀ ಅಕ್ಕ. "ಅವಳು ಹಾಡಿದ್ರೆ ತಾಳ ಯಾರು ಹಾಕುದು?" ಬೇರೆ ದಾರಿ ಇರಲಿಲ್ಲವಾಗಿ ಒಪ್ಪಿಕೊಂಡಳು. ಆದರೆ ನನ್ನದು ಎಲ್ಲಕ್ಕಿಂತ ಕೊನೆಗೆ, ಜನ ಪ್ರಸಾದಕ್ಕೆ ಏಳುವ ಹೊತ್ತಿಗೆ.

ಹರಿಗೆ ಯಂತ್ರದ ಗುಂಡಿಗಳನ್ನೆಲ್ಲ ಒಂದೇ ಹಾಡಿನಲ್ಲಿ ಒತ್ತಿಬಿಡಬೇಕೆಂಬ ಆಸೆ. ಡಿಸ್ಕೋ ತಾಳ, ನಡುನಡುವೆ ಡ್ರಮ್ಮಿನ ಉರುಳು, ಗಿಟಾರು. ನಾನು ಒಂದೊಂದಾಗಿ ಬಂದ್ ಮಾಡಿಸಿದೆ. ತಾಳ ಬೇಡ, ತಾನಾಗಿ ಬಾರಿಸುವ ಗಿಟಾರು ಬೇಡ. ಎಡಗೈಯಲ್ಲಿ ಸಾ, ಪಾ ಎರಡನ್ನೇ ಒತ್ತಿ ಹಿಡಿ, ತಂಬೂರಿಯ ಹಾಗೆ ಕೂಗುತ್ತಿರಲಿ. ಬಲಗೈಯಲ್ಲಿ ನನ್ನ ಹಿಂದೆ ಬಾ, ಮುಂದೆ ಓಡಬೇಡ. "ಹಾಂಗಾದ್ರೆ ಇಷ್ಟೆಲ್ಲ ಗುಂಡಿ ಎಂತಕ್ಕೆ?" ಎಂದು ಹರಿ ಮುಖ ಊದಿಸಿಕೊಂಡ. ನನಗೆ ಬೇಕಾದ ಗುಂಡಿ ಒಂದೇ ಎಂದೆ.

ಇನ್ನು ಮೈಕು. ಮೈಕ್ ಸೆಟ್ಟಿನ ಶನಿಯಾರ ಎನ್ನುವವ ಪ್ರತಿ ವರ್ಷ ಒಂದೇ ಮೈಕನ್ನು ಎತ್ತರದ ಸ್ಟ್ಯಾಂಡಿಗೆ ಕಟ್ಟಿ ಮಂಡಳಿಯ ನಡುವೆ ನಿಲ್ಲಿಸುತ್ತಿದ್ದ. ಅದಕ್ಕೆ ಮುಟ್ಟಲಿ ಎಂದು ಎಲ್ಲರೂ ಕಿರುಚುವುದು. ಕಿರುಚಿದ ಕೂಡಲೇ ಕಂಬದ ಮೇಲಿನ ಕಹಳೆ ಕುಂಯ್ ಎನ್ನುವುದು. ಅದಕ್ಕೆ ಭಜನೆ ಎಂದು ಹೆಸರು. ನಾನು ದಿನವಿಡೀ ಬಾಯಿಗೆ ಮೈಕು ಕಟ್ಟಿಕೊಂಡು ಕೂರುವವಳು. ಹತ್ತಿರ ಇಟ್ಟು ಮೆಲ್ಲಗೆ ಮಾತಾಡಿದರೆ ಬೊಂಬಾಯಿಗೂ ಕೇಳುತ್ತದೆ, ಕೂಗಿದರೆ ಅಂಕೋಲೆಗೂ ಕೇಳುವುದಿಲ್ಲ. ಎರಡು ಮೈಕು ಕೇಳಿದೆ. ಒಂದು ಕೀಬೋರ್ಡಿನ ಸ್ಪೀಕರಿನ ಬಾಯಿಗೆ, ಇನ್ನೊಂದು ಕೂತವಳ ತುಟಿಗೆ ನಾಲ್ಕು ಬೆರಳು ದೂರಕ್ಕೆ. ಕಹಳೆಗಳನ್ನು ನಮಗೆ ಬೆನ್ನು ಮಾಡಿ ತಿರುಗಿಸು ಎಂದೆ. ಎಕೋ ಬಂದ್ ಮಾಡು ಎಂದೆ.

"ಎಕೋ ಇಲ್ದೆ ಹಾಡುದು ಹೆಂಗಸ್ರಿಗೆ ಚಂದ ಆಗುದಿಲ್ಲ ಅಮ್ಮ" ಎಂದ ಶನಿಯಾರ.

"ನನಗೆ ಆಗ್ತದೆ."

"ಆತು. ಕೇಳ್ದೇ ಇದ್ರೆ ನನ್ನ ಬೈಬೇಡಿ."

ಶಾರದೋತ್ಸವದ ಸಂಜೆ ಚಪ್ಪರ ತುಂಬಿತ್ತು. ಹೆಂಗಸರ ಕಡೆ ಎದುರಿನ ಸಾಲಿನಲ್ಲಿ ಆಯಿ, ಗಂಡಸರ ಕಡೆ ಅಪ್ಪಯ್ಯ, ಅವನ ಪಕ್ಕದಲ್ಲಿ ಕೃಷ್ಣಾನಂದ ಮಾಸ್ತರು. ಮಹಾಲಕ್ಷ್ಮೀ ಅಕ್ಕನ ಹಾಡುಗಳಿಗೆಲ್ಲ ತಾಳ ಹಾಕಿದೆ. ಕೊನೆಗೆ ನನ್ನ ಸರದಿ ಬಂದಾಗ ತಾಳವನ್ನು ಮಡಿಲಲ್ಲಿಟ್ಟು ಮೈಕಿನ ಹತ್ತಿರ ಸರಿದೆ. ಜನ ಏಳಲು ಸುರುಮಾಡಿದ್ದರು. ಹರಿ ಗುಂಡಿ ಒತ್ತಿ, ಸಾ ಹಿಡಿದ.

ನಾನು ಕೂಗಲಿಲ್ಲ. "ನಂಬರ್ ಪ್ಲೀಸ್" ಎನ್ನುವಷ್ಟೇ ಮೆಲ್ಲಗೆ ಶುರುಮಾಡಿದೆ.

ದನಿ ಕಹಳೆಯಿಂದ ಹೊರಗೆ ಬಂದದ್ದು ಕೇಳಿ ನಾನೇ ಬೆಚ್ಚಿದೆ. ಎದ್ದವರು ಎದ್ದಲ್ಲೇ ನಿಂತರು. ಚಪ್ಪರದ ಹೊರಗೆ ಚುರುಮುರಿ ತಿನ್ನುತ್ತಿದ್ದ ಇಬ್ಬರು, ಹೆಂಗಸರ ಭಜನೆಯಲ್ಲಿ ಹಾಡುವ ಗಂಡಸು ಯಾರು ಎಂದು ಇಣುಕಿ ನೋಡಿ, ಸೀರೆ ಉಟ್ಟ ನನ್ನನ್ನು ಕಂಡು ಪೊಟ್ಟಣ ಹಿಡಿದ ಕೈಯನ್ನು ಹಾಗೇ ಇಳಿಸಿದರು. ಮಹಾಲಕ್ಷ್ಮೀ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಮೇಲೇರುವ ಸಾಲು ಬಂತು. ಏರಿದೆ, ನಿಂತೆ, ಇಳಿದೆ. ಕೊನೆಯ ಸಾಲನ್ನೂ ಹಾಡಿ ಮುಗಿಸಿದೆ. ಚಪ್ಪಾಳೆ ಬೀಳಲಿಲ್ಲ.

ನಾನು ನೋಡಿದ್ದು ಆಯಿಯ ಕಡೆ. ಅವಳು ಎದ್ದು ನಿಂತಳು. ಗಂಡಸಿನ ದನಿಯಲ್ಲಿ ಹಾಡಿ ಮಾನ ಕಳೆದೆ ಎಂದು ಎದ್ದು ಹೊರಟಳು ಎಂದುಕೊಂಡೆ. ಅವಳು ಹೊರಗೆ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು, ವೇದಿಕೆ ಹತ್ತಿ ಬಂದು ನನ್ನ ಪಕ್ಕದಲ್ಲಿ ಕೂತಳು. ಅವಳು ವೇದಿಕೆ ಹತ್ತಿದ್ದು ಅದೇ ಮೊದಲು. ಮೈಕನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಹರೀ, ಆ ಗುಂಡಿ ಇನ್ನೆರಡು ಸಲ ಒತ್ತು. ಕೂಸಿನ ಪಟ್ಟಿ ನಂಗೆ ಎತ್ತರ ಆಗ್ತು" ಎಂದಳು. ಮೈಕು ಬಂದ್ ಆಗಿರಲಿಲ್ಲ, ಕುಮಟೆಗೆ ಕುಮಟೆಯೇ ಕೇಳಿತು.

ಹರಿ ಬಾಯಿ ಬಿಟ್ಟುಕೊಂಡೇ ಗುಂಡಿ ಒತ್ತಿದ. ಆಯಿ ನನ್ನ ಮಡಿಲಿನ ತಾಳವನ್ನು ಎತ್ತಿ ಒಮ್ಮೆ ನೋಡಿದಳು. "ಹೊನ್ನಾವರದಲ್ಲಿ ಈ ಮಾಸ್ತರು ದನಿ ಇಲ್ಲೆ ಹೇಳಿ ನಂಗೂ ಇದನ್ನೇ ಕೊಟ್ಟಿದ್ದ" ಎಂದಳು. "ನಿನ್ನ ವಯಸ್ಸಿಗಿಂತ ಸಣ್ಣವಳು ಆಗ. ನಿಂಗಾದ್ರೂ ಬೇರೆ ದನಿ ಇದ್ದಿಕ್ಕು ಹೇಳಿ ಅವರ ಹತ್ರವೇ ಕರ್ಕೊಂಡು ಹೋದೆ." ತಾಳವನ್ನು ನನ್ನ ಕೈಗೆ ವಾಪಸು ಕೊಟ್ಟಳು. ಮಾಸ್ತರು ತಲೆ ತಗ್ಗಿಸಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು.

ಆಯಿ ಹಾಡಿದಳು. ನಾನು ಹಾಡಿದ್ದ ಅದೇ ಹಾಡನ್ನು, ಒಂದು ಅಕ್ಷರ ತಪ್ಪದೆ. ನನಗಿಂತ ತಗ್ಗಿನ, ನನಗಿಂತ ತುಂಬಿದ ದನಿ. ಅಡಿಗೆಮನೆಯಿಂದ ನಮ್ಮನ್ನು ಊಟಕ್ಕೆ ಕರೆದ ದನಿ ಇದಲ್ಲ, ಇದನ್ನು ಅವಳು ನಮ್ಮ ಯಾರ ಕಿವಿಗೂ ಬೀಳದ ಹಾಗೆ ಇಟ್ಟುಕೊಂಡಿದ್ದಳು. ಅಪ್ಪಯ್ಯ ಎದ್ದು ನಿಂತಿದ್ದ. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ಹೊಸಬಳ ಹಾಗೆ ನೋಡುತ್ತಿದ್ದ. ಆ ಕಡೆಯವರು ಹಲೋ ಎಂದರೆ ಸಾಕು, ಯಾರೆಂದು ಹೇಳುವವಳು ನಾನು. ಮೂರು ತಾಲೂಕಿನ ದನಿ ನನಗೆ ಗುರುತು. ಕಣ್ಣು ಮುಚ್ಚಿಕೊಂಡು ಕೇಳಿದ್ದರೆ ನನ್ನ ಆಯಿಯ ದನಿ ನನಗೆ ಗುರುತಾಗುತ್ತಿರಲಿಲ್ಲ. ಇಷ್ಟು ವರ್ಷ ಅವಳ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿಡುವುದು ಎಂದು ತಿಳಿಯದೆ, ತಾಳ ಹಿಡಿದುಕೊಂಡು ಸುಮ್ಮನೆ ಕೂತುಬಿಟ್ಟಿದ್ದೆ.

ಆಯಿ ಹಾಡು ನಿಲ್ಲಿಸದೆಯೇ ಮೊಣಕೈಯಿಂದ ನನ್ನನ್ನು ತಿವಿದಳು. ಆಗ ನಾನು ತಾಳ ಹಾಕಿದೆ.